ನೋಡುತ್ತಿರುವವಳ ಮಣಿಪದಕ

ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನೆಲೆಸಿ ವರ್ಷಗಳೇ ಕಳೆದಿದ್ದರೂ ಕೊಲಂಬಿಯಾ ನದಿಯ ದಂಡೆಯ ಬಂಡೆಚಿತ್ರಗಳನ್ನು ನಾನು ಕಂಡದ್ದು ಕಳೆದ ವಸಂತದಲ್ಲಿ. ಅವುಗಳಲ್ಲಿ ಹೆಸರಾದ ತ್ಸಗಗ್ಲಲಲ್, ಅಂದರೆ ‘ನೋಡುತ್ತಿರುವವಳು’, ಎಂಬ ಮುಖವನ್ನು ಗಾಜಿನ ಮಣಿಗಳಲ್ಲಿ ಹೊಲಿದ ಪದಕವೊಂದನ್ನು ಆ ಬೇಸಿಗೆಯಲ್ಲೇ ವಾರ್ಮ್ ಸ್ಪ್ರಿಂಗ್ಸ್ ಮೂಲನಿವಾಸಿ ಸಮುದಾಯದ ಕುಶಲಕರ್ಮಿಯೊಬ್ಬರಿಂದ 140 ಡಾಲರಿಗೆ ಕೊಂಡೆ. ನಾಲ್ಕು ತಿಂಗಳು ಧರಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೂಲ ಚಿತ್ರವಿರುವುದು ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ಹಿಲ್ಸ್ ಉದ್ಯಾನದಲ್ಲಿ. ಕಪ್ಪು ಬಂಡೆಯಲ್ಲಿ ಕೆತ್ತಿ ಕೆಂಪು ಬಳಿದ ಆ ಮುಖಕ್ಕೆ ಕರಡಿಯಂಥ ಕಿವಿ, ಒಂದರೊಳಗೊಂದು ಸುತ್ತುಗಳಿರುವ ದೊಡ್ಡ ಕಣ್ಣು, ಅಗಲವಾದ ಬಾಯಿ. ಈ ನದಿತೀರದ ಮೂಲನಿವಾಸಿಗಳಾದ ವಾಸ್ಕೊ ಮತ್ತು ವಿಶ್ರಮ್ ಜನರ ಕಥೆಯಂತೆ ಈಕೆ ಊರಿನ ಒಡತಿ. ಹೆಂಗಸರು ಮುಖ್ಯಸ್ಥರಾಗಿರುವ ಕಾಲ ಮುಗಿಯಲಿದೆಯೆಂದು ಹೇಳಿದ ಕಯೋಟಿ (ಅವರ ಕಥೆಗಳಲ್ಲಿ ಬರುವ, ತೋಳದ ಜಾತಿಯ ಮಾಯಾವಿ ಪ್ರಾಣಿ) ಅವಳನ್ನು ಕಲ್ಲಾಗಿಸಿ, ತನ್ನ ಜನರನ್ನು ಸದಾ ಕಾಯುತ್ತಿರುವಂತೆ ನಿಲ್ಲಿಸಿತು. 1957ರಲ್ಲಿ ದಿ ಡಾಲ್ಸ್ ಅಣೆಕಟ್ಟಿನ ಹಿನ್ನೀರು ಸಿಲೈಲೊ ಜಲಪಾತವನ್ನೂ ಅನೇಕ ಕೆತ್ತನೆಗಳನ್ನೂ ಮುಳುಗಿಸಿದಾಗ ಎತ್ತರದಲ್ಲಿದ್ದ ಇವಳು ಉಳಿದಳು. ಕಿಡಿಗೇಡಿಗಳ ಕಾಟದಿಂದಾಗಿ ಈಗ ಮಾರ್ಗದರ್ಶಿಯೊಂದಿಗಷ್ಟೇ ಅಲ್ಲಿಗೆ ಹೋಗಬಹುದು.

ಕಲ್ಲಿನಲ್ಲಿ ಗೆರೆಯೆಂದರೆ ತಗ್ಗು, ಮಣಿಯಲ್ಲಿ ಅದೇ ಉಬ್ಬು. ನೆರಳಿನಿಂದ ಕಾಣುವುದನ್ನು ಇಲ್ಲಿ ಬಣ್ಣದಿಂದಲೇ ಕಾಣಿಸಬೇಕು. ಈ ತೊಡಕನ್ನು ಪದಕದ ಕಣ್ಣುಗಳು ಚೆನ್ನಾಗಿ ಬಿಡಿಸಿವೆ. ನಡುವಿನ ಒಂದು ಮಣಿಯ ಸುತ್ತ ಆರು, ಅವುಗಳ ಸುತ್ತ ಮತ್ತೊಂದು ಸುತ್ತು. ಒಂದು ದಾರದಲ್ಲಿ ಪೋಣಿಸಿದ್ದನ್ನು ಇನ್ನೊಂದು ದಾರವು ಎರಡೆರಡು ಮಣಿಗೊಮ್ಮೆ ಬಿಗಿಯುತ್ತದೆ. ಗೆರೆಗಳಿಗೆಲ್ಲ ಹೊಳಪಿಲ್ಲದ ಕೆಂಪು ಮಣಿಗಳಿದ್ದು, ಒಂದು ಬದಿಗೆ ಸಾಣೆ ಹಿಡಿದ ಮಣಿ ಕಣ್ಣಿನ ನಡುವಿನಲ್ಲಿ ಮಾತ್ರ ಇರುವುದರಿಂದ, ಅತ್ತಿತ್ತ ತಿರುಗಿದಾಗಲೆಲ್ಲ ಅದಷ್ಟೇ ಮಿನುಗುತ್ತದೆ. ಹಿನ್ನೆಲೆಯ ಬೂದು ಸಾಲುಗಳೂ ನೇರವಾಗಿ ಹೋಗದೆ, ಮುಖದ ಅಂಚನ್ನೇ ಅನುಸರಿಸಿ ನೀರಿನ ಅಲೆಗಳಂತೆ ಹರಡಿವೆ. ಧಾರವಾಡದ ನಮ್ಮ ಮನೆಯ ಬಾಗಿಲಿಗೆ ಅಜ್ಜಿ ಪೋಣಿಸಿದ್ದ ಮಣಿತೋರಣದ ಗಿಳಿಗಳೆಲ್ಲ ಚೌಕಚೌಕವಾಗಿದ್ದವು; ಮಣಿಯಲ್ಲಿ ದುಂಡು ತರುವ ಕಷ್ಟವನ್ನು ನಾನು ಬಲ್ಲೆ.

ಬಾಯಿ ಮಾತ್ರ ಅತಿಯಾಗಿ ಅಂದವಾಗಿಬಿಟ್ಟಿದೆ. ಬಂಡೆಯ ಮೇಲಿನ ಬಿಗುವು ಅದರಲ್ಲಿಲ್ಲ. ಹಿಂಬದಿಯ ಜಿಂಕೆ ತೊಗಲು ಮೃದುವಾಗಿದ್ದು, ಹೊಗೆಯಲ್ಲಿ ಹದಮಾಡಿದ ವಾಸನೆ ಇನ್ನೂ ಹೋಗಿಲ್ಲ (ನನಗೆ ಹಿಡಿಸಿದೆ, ಮನೆಯವರಿಗೆ ಇಲ್ಲ). ದೊಡ್ಡ ದೋಷವಿರುವುದು ಕೊಂಡಿಯಲ್ಲಿ: ಪದಕದ ಭಾರಕ್ಕೆ ಅದು ತೀರ ಸಣ್ಣದು, ಎರಡು ಸಲ ತಾನಾಗಿಯೇ ಕಳಚಿಕೊಂಡಿತು.

ಇದೇ ಮುಖವನ್ನು ಅಚ್ಚೊತ್ತಿದ ಅಗ್ಗದ ಸರಕೂ ಸಿಗುತ್ತದೆ. ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರುವುದು 1990ರ ಅಮೆರಿಕನ್ ಕಾಯ್ದೆಯಂತೆ ಅಪರಾಧವಾದ್ದರಿಂದ, ಮಾಡಿದವರ ಹೆಸರನ್ನೂ ಸಮುದಾಯವನ್ನೂ ರಸೀದಿಯಲ್ಲಿ ಬರೆಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ನನಗೆ ಕೇಳದೆಯೇ ಬರೆದುಕೊಟ್ಟರು. ಕೊಂಡಿಯನ್ನೂ ಬದಲಿಸಿಕೊಡುವುದಾಗಿ ಹೇಳಿದ್ದಾರೆ.