ಮೂರು ವರ್ಷ, 16,000 ಕಿಲೋಮೀಟರ್ ಮತ್ತು ಒಂದು ಹಳದಿ ದೀಪ

ಎಂಜಿನ್ ಎಷ್ಟು ಸಿಸಿ, ಡಿಕ್ಕಿಯಲ್ಲಿ ಎಷ್ಟು ಜಾಗ ಎಂಬುದೆಲ್ಲ ನಿಮಗೆ ಆಗಲೇ ಗೊತ್ತಿರುತ್ತದೆ. ನಾನು ಬರೆಯಲು ಕುಳಿತಿರುವುದು ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಒಂದು ದೀಪದ ಬಗ್ಗೆ. ಪುಟ್ಟ ಡಬ್ಬಿಯಂಥ ಆಕಾರ, ಎರಡೂ ಬದಿಗೆ ಕೊಳವೆ, ಒಳಗೆ ಒಂದಷ್ಟು ಚುಕ್ಕೆ. ನನ್ನ ಮೊದಲ ಕಾರಿನ ಮೂರು ವರ್ಷಗಳ ಕಥೆಯೆಲ್ಲ ಆ ಚುಕ್ಕೆಗಳಲ್ಲೇ ಇದೆ.

ಕಾರು ಹುಡುಕಲು ನಾಲ್ಕು ತಿಂಗಳು ತೆಗೆದುಕೊಂಡೆ. ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್. ಸರ್ವಿಸ್ ಪುಸ್ತಕದ ಪ್ರತಿ ಪುಟವನ್ನೂ ತಿರುವಿದೆ, ಎರಡೂ ಕೀಲಿ ಇವೆಯೇ ಎಂದು ಕೇಳಿದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ ಎಂದು ಓದಿಕೊಂಡಿದ್ದೆ. ಮಂಡಿಯೂರಿ ಸ್ಟೆಪ್ನಿ ಸಹಿತ ಐದನ್ನೂ ನೋಡಿದೆ. ಮೀಟರ್ 28,000 ಕಿಲೋಮೀಟರ್ ತೋರಿಸುತ್ತಿತ್ತು. ಲೀಟರಿಗೆ ಪೆಟ್ರೋಲ್ ಕಾರಿಗಿಂತ ಹೆಚ್ಚು ದೂರ ಓಡುತ್ತದೆ, ದಿಬ್ಬದಲ್ಲಿ ದಮ್ಮು ಕಟ್ಟುವುದಿಲ್ಲ ಎಂದು ಡೀಸೆಲ್ ಆರಿಸಿದೆ. ಮನಸ್ಸಿನಲ್ಲಿ ಇದ್ದದ್ದು ಹೆದ್ದಾರಿ, ಪಕ್ಕದಲ್ಲಿ ಅಮ್ಮ, ಕೊನೆಯಿಲ್ಲದ ರಸ್ತೆ. ದಿನವೂ ಎಲ್ಲಿಂದ ಎಲ್ಲಿಗೆ ಓಡಿಸುತ್ತೇನೆ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಮಾರಿದವರೂ ಕೇಳಲಿಲ್ಲ. ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರ್. ಹನ್ನೆರಡು ನಿಮಿಷ, ಐದು ಸಿಗ್ನಲ್.

ಮೊದಲ ತಿಂಗಳುಗಳು ಬಹಳ ಚೆನ್ನಾಗಿದ್ದವು. ಮೂರನೇ ಗೇರಿನಲ್ಲೇ ಏರು ಹತ್ತುವಾಗ ಎಂಜಿನ್ ಕೆಳದನಿಯಲ್ಲಿ ಗುಡುಗುವುದನ್ನು ಕೇಳಲೆಂದೇ ಕಿಟಕಿ ಇಳಿಸುತ್ತಿದ್ದೆ. ಐದನೇ ತಿಂಗಳು ದೀಪ ಹತ್ತಿತು.

ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸಿ ನೋಡಿದರು. ದಿನಕ್ಕೆ ಎಷ್ಟು ಓಡಿಸುತ್ತೀರಿ ಎಂದು ಕೇಳಿದರು. ಹೇಳಿದೆ. "ಹಾಗಾದರೆ ನೀವು ಇದನ್ನು ಓಡಿಸುತ್ತಿಲ್ಲ ಮೇಡಂ, ಬೆಚ್ಚಗೆ ಮಾಡಿ ನಿಲ್ಲಿಸುತ್ತಿದ್ದೀರಿ" ಎಂದರು. ಆ ಮಾತು ಈಗಲೂ ಚುಚ್ಚುತ್ತದೆ, ಏಕೆಂದರೆ ಅದು ನಿಜ.

ಈಗಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮಸಿ ತುಂಬಿಕೊಂಡು ಆ ದೀಪ ಹತ್ತುತ್ತದೆ. ಮಸಿ ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಅಷ್ಟು ಶಾಖ ಹುಟ್ಟಿಸಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಹೆದ್ದಾರಿಯಲ್ಲಿ ಓಡುವ ಕಾರಿನಲ್ಲಿ ಇದು ಯಾರಿಗೂ ತಿಳಿಯದಂತೆ ನಡೆದುಹೋಗುತ್ತದೆ. ನನ್ನ ಕಾರಿನಲ್ಲಿ ಸುಡುವುದು ಶುರುವಾಗುವ ಹೊತ್ತಿಗೆ ಕಚೇರಿಯ ಗೇಟು ಬಂದಿರುತ್ತಿತ್ತು.

ಈಗ ಮಸಿ ಸುಡುತ್ತಿರುವ ಲಕ್ಷಣಗಳೆಲ್ಲ ನನಗೆ ಬಾಯಿಪಾಠ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು, ನಿಂತಲ್ಲಿ 800ರ ಹತ್ತಿರ ಇರುವಂಥದ್ದು, 1,000ಕ್ಕೆ ಏರುತ್ತದೆ. ಕಾರಿನ ದನಿ ಗಂಟಲು ಕಟ್ಟಿದಂತೆ ಒರಟಾಗುತ್ತದೆ. ಕೀಲಿ ತೆಗೆದರೂ ಮುಂದಿನ ಫ್ಯಾನ್ ಗುಂಯ್ ಎನ್ನುತ್ತಲೇ ಇರುತ್ತದೆ, ಕಾದ ಲೋಹದ ವಾಸನೆ ಬರುತ್ತದೆ. ಅರ್ಧ ಊಟದಲ್ಲಿ ಎಬ್ಬಿಸಿದಂತೆ ಅನಿಸಿ ಎಷ್ಟೋ ಬೆಳಿಗ್ಗೆ ಬಾನೆಟ್ ಮೇಲೆ ಕೈ ಇಟ್ಟು ನಿಂತಿದ್ದೇನೆ.

ಹೀಗೆ ಅರ್ಧಕ್ಕೆ ನಿಂತಾಗಲೆಲ್ಲ ಸುಡದೆ ಉಳಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆದ್ದರಿಂದ ತಿಂಗಳ ಮೊದಲ ಶನಿವಾರ, ಎಂಜಿನ್ ತಣ್ಣಗಿರುವಾಗ, ಆಯಿಲ್ ಕಡ್ಡಿ ಎಳೆದು, ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತೇನೆ. ಎಲ್ಲರೂ ಆಯಿಲ್ ಇಳಿದಿದೆಯೇ ಎಂದು ನೋಡುತ್ತಾರೆ, ನಾನು ಏರಿದೆಯೇ ಎಂದು ನೋಡುತ್ತೇನೆ. ಮೊದಲ ವರ್ಷದ ಕೊನೆಗೆ ಅದು ಮೇಲಿನ ಗೆರೆ ದಾಟಿತ್ತು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಅವಧಿಗೆ ಮುಂಚೆಯೇ ಬದಲಿಸಬೇಕಾಯಿತು. ಈ ಫಿಲ್ಟರ್ ಇರುವ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಮಸಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ, ಒಳಗೇ ಕೂಡಿಕೊಳ್ಳುತ್ತದೆ.

ಆ ವರ್ಷ ನನಗೆ ಈ ಕಾರಿನ ಮೇಲೆ ನಿಜಕ್ಕೂ ಸಿಟ್ಟಿತ್ತು. ಫಿಲ್ಟರ್ ಪೂರ್ತಿ ಕೆಟ್ಟರೆ ಬದಲಿಸಲು ನನ್ನ ಎರಡು ತಿಂಗಳ ಸಂಬಳ ಬೇಕು. ಉಳಿತಾಯವಾಗಲಿ ಎಂದು ಕೊಂಡ ಕಾರು ಊರೊಳಗೆ ಕೊಡುತ್ತಿದ್ದದ್ದು ಲೀಟರಿಗೆ 13 ಕಿಲೋಮೀಟರ್. ಮಾರಲು ಫೋಟೊ ಕೂಡ ತೆಗೆದಿಟ್ಟಿದ್ದೆ.

ಕಾರಿನ ಕೈಪಿಡಿಯಲ್ಲಿ ಪರಿಹಾರ ಎರಡೇ ಸಾಲು: ದೀಪ ಹತ್ತಿದರೆ 60 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ, ಎಂಜಿನನ್ನು 2,000 ಸುತ್ತಿಗಿಂತ ಮೇಲೆ ಇಟ್ಟು, ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸಿ. ಹಾಗೆ ಭಾನುವಾರದ ಓಟ ಶುರುವಾಯಿತು. ಹೋಗಿ ಬರಲು ಸುಮಾರು 40 ಕಿಲೋಮೀಟರ್, ಆರೂವರೆಗೆ ಮನೆ ಬಿಟ್ಟರೆ ರಸ್ತೆ ಖಾಲಿ. ಮೊದಮೊದಲು ಒಬ್ಬಳೇ ಹೋಗುತ್ತಿದ್ದೆ. ಒಂದು ದಿನ ಅಮ್ಮ "ನಾನೂ ಬರಲೇ?" ಎಂದರು.

ಮನೆಯಲ್ಲಿ ಅಮ್ಮನ ಮಾತು ಯಾವಾಗಲೂ ಕೆಲಸದ ಬಗ್ಗೆಯೇ. ಕಾರಿನಲ್ಲಿ ಹಾಗಲ್ಲ. ನಾನು ರಸ್ತೆ ನೋಡುತ್ತಿರುತ್ತೇನೆ, ಅವರೂ ರಸ್ತೆ ನೋಡುತ್ತಿರುತ್ತಾರೆ, ಮುಖ ಮುಖ ನೋಡದೆ ಮಾತು ತಾನಾಗಿ ಬರುತ್ತದೆ. ಮದುವೆಗೆ ಮುಂಚೆ ಆರು ತಿಂಗಳು ಟೈಪಿಂಗ್ ಕಲಿತಿದ್ದರಂತೆ. ಅದು ನನಗೆ ಗೊತ್ತಾದದ್ದು ನಾಲ್ಕನೇ ಗೇರಿನಲ್ಲಿ, ಐದಾರನೇ ಭಾನುವಾರ. ಈಗ ಫ್ಯಾನಿನ ಸದ್ದು ಅವರಿಗೂ ತಿಳಿಯುತ್ತದೆ. ಮನೆ ಮುಂದೆ ನಿಲ್ಲಿಸುವಾಗ ಕಿವಿಗೊಟ್ಟು, "ಇದರ ಏದುಸಿರು ಇನ್ನೂ ನಿಂತಿಲ್ಲ, ಇನ್ನೊಂದು ಸುತ್ತು ಹೋಗಿ ಬರೋಣ" ಎನ್ನುತ್ತಾರೆ.

ಉಳಿದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎಸಿಗೆ ತಿರುಗಿಸುವ ಗುಂಡಿಗಳಿವೆ, ಕಣ್ಣು ರಸ್ತೆಯಿಂದ ಕದಲಿಸಬೇಕಿಲ್ಲ. ಗಾಜಿಗೆ ಮಂಜು ಹಿಡಿದರೆ ಎಸಿ ಹಾಕಿ ಹೊರಗಾಳಿ ಬಿಡುತ್ತೇನೆ, ಕ್ಷಣದಲ್ಲಿ ತಿಳಿಯಾಗುತ್ತದೆ. ಬಲ ತಿರುವಿನಲ್ಲಿ ಮುಂದಿನ ಗಾಜಿನ ಪಕ್ಕದ ಕಂಬ ದಪ್ಪವಾಗಿ ಅಡ್ಡ ಬರುತ್ತದೆ, ಪಾದಚಾರಿಗಳು ಮರೆಯಾಗುತ್ತಾರೆ, ಕತ್ತು ಚಾಚಿ ನೋಡಲೇಬೇಕು. ಕ್ಲಚ್ ಭಾರ. ಸೀಟಿನ ಎತ್ತರ ಹೊಂದಿಸಬಹುದು, ಎತ್ತರ ಕಡಿಮೆ ಇರುವ ನನಗೆ ಅದೊಂದು ದೊಡ್ಡ ಉಪಕಾರ.

ದಿನದ ಓಡಾಟ ಐದಾರು ಕಿಲೋಮೀಟರ್ ಎನ್ನುವವರು ಡೀಸೆಲ್ ಕೊಳ್ಳಬೇಡಿ. ಪೆಟ್ರೋಲ್ ತೆಗೆದುಕೊಳ್ಳಿ, ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲವಿದ್ದರೆ ವಿದ್ಯುತ್ ಕಾರು ನೋಡಿ. ಇಂದು ಮತ್ತೆ ಕೊಳ್ಳುವುದಾದರೆ ನಾನೂ ಅದನ್ನೇ ಮಾಡುತ್ತೇನೆ. ಇದನ್ನು ಮಾತ್ರ ಮಾರುವುದಿಲ್ಲ.

ಕಳೆದ ತಿಂಗಳು ಅಮ್ಮನಿಗೆ ಜ್ವರ ಬಂದು ಮೂರು ಭಾನುವಾರ ಹೊರಡಲಾಗಲಿಲ್ಲ. ನಾಲ್ಕನೇ ವಾರ ದೀಪ ಹತ್ತಿತು. ನಾನೊಬ್ಬಳೇ ಹೋಗಿ ಬರುತ್ತೇನೆಂದರೂ ಕೇಳದೆ, ಶಾಲು ಹೊದ್ದು ಬಂದು ಕುಳಿತು ಬೆಲ್ಟ್ ಹಾಕಿಕೊಂಡರು. ದೀಪ ಆರುವವರೆಗೂ ಅದನ್ನೇ ನೋಡುತ್ತಿದ್ದರು. ಹದಿನೆಂಟನೇ ನಿಮಿಷಕ್ಕೆ ಆರಿತು. "ಈಗ ಕಿಟಕಿ ಇಳಿಸು" ಎಂದರು.