ಲಾನಿನ ಹಾವಸೆ ಕೆರೆಯುವ ತಂತಿ ರೇಕ್: ಎರಡು ಮಳೆಗಾಲ ಬಳಸಿದ ಮೇಲೆ

ಲಾನಿನಿಂದ ಹಾವಸೆ ತೊಲಗಿಸಬೇಕು ಅಂತ ಈ ರೇಕ್ ಹುಡುಕುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ, ತೊಲಗುವುದಿಲ್ಲ. ಮುಂದಿನ ಆಷಾಢಕ್ಕೆ ಮತ್ತೆ ಬಂದೇ ಬರುತ್ತದೆ. ನಾನು ಇದನ್ನು ಮೆಚ್ಚಿರುವ ಕಾರಣ ಬೇರೆ. ಇದರಲ್ಲಿ ಕೆರೆದರೆ ಹಾವಸೆ ಮಣ್ಣು ಮೆತ್ತಿಕೊಳ್ಳದೆ ಚೊಕ್ಕಟವಾಗಿ ಏಳುತ್ತದೆ. ಹಾಗೆ ಎದ್ದದ್ದನ್ನು ಈಗ ನಾವು ಒಂದು ಹಿಡಿಯೂ ಬಿಸಾಡುವುದಿಲ್ಲ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯ ಒಳಗೆ. ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಒಣಗಿದ್ದನ್ನು ನೋಡಿದವರಿಲ್ಲ. ನಾಲ್ಕು ವರ್ಷದ ಹಿಂದೆ ಮಗ ಬೆಂಗಳೂರಿನಿಂದ ಬಂದವನು, ‘ಅಮ್ಮಾ, ಮನೆ ಮುಂದೆ ಹಸಿರಾಗಿರಲಿ’ ಅಂತ ನರ್ಸರಿಯಿಂದ ಮೆಕ್ಸಿಕನ್ ಹುಲ್ಲು ತರಿಸಿ ಅರ್ಧ ಅಂಗಳಕ್ಕೆ ಹಾಸಿಸಿದ. ಬಿಸಿಲು ಬೀಳುವ ಕಡೆ ಹುಲ್ಲು ಚೆನ್ನಾಗಿಯೇ ಬಂತು. ಹಲಸಿನ ಮರದ ನೆರಳಿರುವ ಪಡುವಣ ಭಾಗದಲ್ಲಿ ಎರಡನೇ ಮಳೆಗಾಲಕ್ಕೇ ಹುಲ್ಲು ಸೋತಿತು, ಹಾವಸೆ ಗೆದ್ದಿತು.

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು, ಇಲ್ಲಿ ಒಂದು ಮಾತು ಬಿಡಿಸಿ ಹೇಳದಿದ್ದರೆ ಸಮಾಧಾನವಿಲ್ಲ. ಕಲ್ಲಿನ ಮೇಲೆ, ಬಾವಿಕಟ್ಟೆಯ ಮೇಲೆ ಜಾರುವ ಕಪ್ಪು ಹಸಿರು ಲೋಳೆಗೂ ನಾವು ಹಾವಸೆ ಅನ್ನುತ್ತೇವೆ, ಹುಲ್ಲಿನ ನಡುವೆ ಮೆತ್ತಗೆ ಬೆಳೆಯುವುದಕ್ಕೂ ಹಾವಸೆಯೇ ಅನ್ನುತ್ತೇವೆ. ಮೊದಲನೆಯದು ಪಾಚಿ. ಎರಡನೆಯದು ಇಂಗ್ಲಿಷಿನಲ್ಲಿ ಮಾಸ್ ಅನ್ನುವುದು, ಕಾಂಡ, ಎಲೆಯಂಥ ಭಾಗಗಳಿರುವ ಪುಟ್ಟ ಗಿಡ. ಅದಕ್ಕೆ ನಿಜವಾದ ಬೇರಿಲ್ಲ, ನೆಲಕ್ಕೆ ಅಂಟಿಕೊಳ್ಳಲು ಕೂದಲಿನಂಥ ಎಳೆಗಳಿವೆ ಅಷ್ಟೆ. ನೀರನ್ನು ಎಲೆಯ ಮೈಯಿಂದಲೇ ಹೀರಿಕೊಳ್ಳುತ್ತದೆ. ಹೂವಿಲ್ಲ, ಬೀಜವಿಲ್ಲ, ಗಾಳಿಯಲ್ಲಿ ಹಾರುವ ಬೀಜಕಣಗಳಿಂದ ಹರಡುತ್ತದೆ. ಹುಲ್ಲನ್ನು ಅದು ಕೊಲ್ಲುವುದೂ ಇಲ್ಲ. ನೆರಳು, ತುಳಿದು ಗಟ್ಟಿಯಾದ ನೆಲ, ನಿಂತ ತೇವ, ಮಳೆಗೆ ಸುಣ್ಣದಂಶವೆಲ್ಲ ತೊಳೆದುಹೋಗಿ ಹುಳಿಯಾದ ನಮ್ಮ ಜಂಬಿಟ್ಟಿಗೆ ಮಣ್ಣು, ಇವು ಹುಲ್ಲನ್ನು ಸೊರಗಿಸುತ್ತವೆ. ಖಾಲಿಯಾದ ಜಾಗಕ್ಕೆ ಹಾವಸೆ ಬಂದು ಕೂರುತ್ತದೆ. ಬೇರಿಲ್ಲದ್ದರಿಂದಲೇ ಸರಿಯಾದ ಸಾಮಾನಿದ್ದರೆ ಹಾಸಿಗೆ ಸುತ್ತಿದ ಹಾಗೆ ಎದ್ದುಬರುತ್ತದೆ.

ಸರಿಯಾದ ಸಾಮಾನು ಸಿಗುವ ಮೊದಲು ಒಂದು ಕೆಟ್ಟ ಕೆಲಸ ಮಾಡಿದ್ದೆ. ಗಿಡಗಳ ವ್ಯಾಪಾರ ಮಾಡುವ ಒಬ್ಬರು ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಹೊಡೆಯಿರಿ ಅಂದರು, ಹೊಡೆದೆ. ವಾರದೊಳಗೆ ಹಾವಸೆ ಇದ್ದಿಲಿನ ಹಾಗೆ ಕಪ್ಪಾಯಿತು. ಜೊತೆಗೆ ತುಳಸಿಕಟ್ಟೆಯ ಮೆಟ್ಟಿಲಿನ ಸಿಮೆಂಟಿಗೆ ತುಕ್ಕಿನ ಕಲೆ ಬಿತ್ತು. ಎಷ್ಟು ತಿಕ್ಕಿದರೂ ಹೋಗಿಲ್ಲ, ಈಗಲೂ ಇದೆ. ಆ ಕಪ್ಪು ಹಾವಸೆಯನ್ನು ಯಾವ ಗಿಡದ ಬುಡಕ್ಕೂ ಹಾಕಲು ಧೈರ್ಯ ಬರಲಿಲ್ಲ. ಮರುವರ್ಷ ಅದೇ ಜಾಗದಲ್ಲಿ ಹೊಸ ಹಾವಸೆ ಇನ್ನೂ ದಟ್ಟವಾಗಿ ಬಂತು.

ಆಮೇಲೆ ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಈ ರೇಕ್ ಕಂಡೆ. ಬೀಸಣಿಗೆಯ ಆಕಾರ, ಚಪ್ಪಟೆ ತಂತಿಯ 15 ಹಲ್ಲು, ತುದಿಯಲ್ಲಿ ಒಂದಿಷ್ಟು ಬಾಗು. ತಿರುಪು ಸಡಿಲಿಸಿದರೆ ಹಲ್ಲುಗಳು ಅಗಲವಾಗುತ್ತವೆ, ಹಿಂದಕ್ಕೆ ಎಳೆದರೆ ಒತ್ತೊತ್ತಾಗುತ್ತವೆ. 480 ರೂಪಾಯಿ ಕೊಟ್ಟೆ. ಪಕ್ಕದಲ್ಲೇ ಎರಕದ ಗಟ್ಟಿ ಹಲ್ಲಿನದು 300ಕ್ಕಿತ್ತು. ನಮ್ಮ ಯಜಮಾನರು ಅದನ್ನೇ ತಗೋ ಅಂದರು, ಬಾಳಿಕೆ ಬರುತ್ತದೆ ಅಂತ. ಬಾಳಿಕೆಯ ಮಾತು ನಿಜ. ಆದರೆ ಗಟ್ಟಿ ಹಲ್ಲು ನೆಲಕ್ಕೆ ಇಳಿದು ಮಣ್ಣನ್ನೂ ಹುಲ್ಲಿನ ಬೇರನ್ನೂ ಕಿತ್ತು ತರುತ್ತದೆ. ತಂತಿಯ ಹಲ್ಲು ಬಳುಕುತ್ತದೆ, ಮೇಲೆ ಮೇಲೆ ಬಾಚುತ್ತದೆ. ತೋಟದ ಕೆಲಸಕ್ಕೆ ಅವರದು, ಲಾನಿಗೆ ನನ್ನದು ಅಂತ ತೀರ್ಮಾನವಾಯಿತು.

ಇದರ ದೋಷಗಳನ್ನೂ ಹೇಳಬೇಕು. ಕಾವು ಅಲ್ಯೂಮಿನಿಯಂ ಪೈಪು, ಎರಡು ತುಂಡು ಸೇರಿಸಿದ್ದು. ಮೂರನೇ ದಿನವೇ ಆ ಸೇರುವ ಜಾಗ ಅಲುಗಾಡಲು ಶುರುವಾಯಿತು, ತಿಂಗಳೊಳಗೆ ಬಾಗಿತು. ಅಂಗಡಿಗೆ ತಗೊಂಡು ಹೋದರೆ ಕಾವಿಗೆ ಗ್ಯಾರಂಟಿ ಇಲ್ಲ ಅಂದರು. 480 ರೂಪಾಯಿಯ ಸಾಮಾನಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಪೈಪು ತೆಗೆದು ಒಳ್ಳೆಯ ಬಿದಿರಿನ ಗಳ ಹಾಕಿಸಿದೆವು, ನನ್ನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ. ಈಗ ಬೆನ್ನು ಬಗ್ಗಿಸುವುದು ಬೇಕಿಲ್ಲ. ಹಲಸಿನ ಬೇರಿಗೆ ಸಿಕ್ಕಿ ಎರಡು ಹಲ್ಲು ಸೊಟ್ಟಗಾದವು, ಇಕ್ಕಳದಲ್ಲಿ ನೆಟ್ಟಗೆ ಮಾಡಿಕೊಂಡೆ. ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಬಳಸಿದ ಮೇಲೆ ಒರೆಸಿ, ಕೊಬ್ಬರಿ ಎಣ್ಣೆ ಸವರಿ ಒಲೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟರೆ ತೊಂದರೆಯಿಲ್ಲ.

ಕೆರೆಯುವ ಕಾಲ ಬಹಳ ಮುಖ್ಯ. ನೆಲ ಜವುಗಾಗಿದ್ದಾಗ ಕೆರೆದರೆ ಕೆಸರೇ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಕೆರೆದರೆ ಹಾವಸೆ ಪುಡಿಯಾಗಿ ಹುಲ್ಲಿನ ಸಂದಿಗೆ ಸೇರುತ್ತದೆ. ದಸರಾ ಕಳೆದು, ಎರಡು ಮೂರು ದಿನ ಬಿಸಿಲು ಬಿದ್ದು, ಬೆಳಗಿನ ಇಬ್ಬನಿ ಆರುವ ಹೊತ್ತಿಗೆ ಕೈಹಾಕುತ್ತೇನೆ. ಮೊದಲು ಹಲ್ಲು ಅಗಲ ಮಾಡಿ ಹಲಸಿನ ದರಗು ತೆಗೆಯುವುದು, ಆಮೇಲೆ ಒತ್ತಾಗಿಸಿಕೊಂಡು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ. ಹೋದ ವರ್ಷ ಅರ್ಧ ಅಂಗಳಕ್ಕೆ ಮೂರು ಬೆಳಿಗ್ಗೆ ಹಿಡಿಯಿತು, ಐದು ಗೋಣಿಚೀಲ ಹಾವಸೆ ಬಂತು. ತೋಟದ ಅಂಚಿನದನ್ನು ಬೇರೆಯಾಗಿಯೇ ಒಟ್ಟಿದೆ. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುವಾಗ ಹನಿ ಅಲ್ಲಿಗೂ ಬಿದ್ದಿರುತ್ತದೆ. ಮೈಲುತುತ್ತ ಕುಡಿದ ಹಾವಸೆ ಗಿಡದ ಬೇರಿಗೆ ತಾಗುವುದು ಬೇಡ.

ಒಣಗಿಸುವಾಗ ಮನೆಯಲ್ಲಿ ಸ್ವಲ್ಪ ಮಾತಾಯಿತು. ಅಡಿಕೆ ಹರಡುವ ಚಾಪೆಯ ಮೇಲೆ ಹಾವಸೆ ಹರಡಿದ್ದನ್ನು ಅತ್ತೆ ನೋಡಿ, ‘ಎಂಥ ಮಾರಾಯ್ತಿ ಇದು, ಸುಗ್ಗಿ ಬಂತು, ಚಾಪೆ ಬೇಕು, ನೀನು ಕಸ ಒಣಗಿಸ್ತಾ ಇದ್ದೀಯಲ್ಲ’ ಅಂದರು. ‘ನಾಲ್ಕು ದಿನ ಬಿಡಿ ಅತ್ತೆ, ಆಮೇಲೆ ತೊಳೆದು ಕೊಡ್ತೇನೆ’ ಅಂದೆ. ಅವರಿಗೆ 84 ವರ್ಷ. ಡೇರೆ (ಡೇಲಿಯಾ) ಹೂವಿನ ಗಡ್ಡೆ ಉಳಿಸುವುದರಲ್ಲಿ ನಮ್ಮ ಸುತ್ತಿನಲ್ಲಿ ಅವರನ್ನು ಮೀರಿಸಿದವರಿಲ್ಲ.

ಡೇರೆ ಗಡ್ಡೆಯ ವಿಷಯಕ್ಕೇ ಬರುತ್ತೇನೆ, ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಅದು. ಮಲೆನಾಡಿನ ಹೆಂಗಸರಿಗೆ ಡೇರೆ ಹೂವೆಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಹೂವು ಬಿಟ್ಟು, ಗಿಡ ಒಣಗಿದ ಮೇಲೆ ಗಡ್ಡೆ ತೆಗೆದು ಬೇಸಿಗೆಯುದ್ದಕ್ಕೂ ಕಾಯಬೇಕು. ಅತ್ತೆಯದು ಮರಳು ಮತ್ತು ಬೂದಿಯ ಪದ್ಧತಿ. ಬೇಸಿಗೆ ಜೋರಾದ ವರ್ಷ ಸಣ್ಣ ಗಡ್ಡೆಗಳು ಸುಕ್ಕುಗಟ್ಟುತ್ತಿದ್ದವು. ಹೋದ ಡಿಸೆಂಬರಿನಲ್ಲಿ ಅವರನ್ನು ಒಪ್ಪಿಸಿ 17 ಗಡ್ಡೆಯನ್ನು ಒಣಗಿದ ಹಾವಸೆಯಲ್ಲಿ ಇಟ್ಟೆ. ಬಿದಿರು ಬುಟ್ಟಿಗೆ ಒಂದು ಪದರ ಹಾವಸೆ, ಒಂದಕ್ಕೊಂದು ತಾಗದ ಹಾಗೆ ಗಡ್ಡೆ, ಮೇಲೆ ಮತ್ತೆ ಹಾವಸೆ, ಕಾಂಡದ ತುದಿಗೆ ಬಣ್ಣದ ದಾರ. ಬುಟ್ಟಿ ಮೆತ್ತಿನ ಮೇಲೆ, ಅಂದರೆ ಮಾಳಿಗೆಯಲ್ಲಿ, ತಣ್ಣಗಿನ ಕಡೆ ಇತ್ತು. ಮೇ ತಿಂಗಳಲ್ಲಿ ತೆಗೆದಾಗ 15 ಗಟ್ಟಿಯಾಗಿದ್ದವು, ಕಣ್ಣು ಒಡೆದಿದ್ದವು. ಎರಡು ಕೊಳೆತಿದ್ದವು. ಆ ಎರಡಕ್ಕೆ ಅಗೆಯುವಾಗಲೇ ಗುದ್ದಲಿ ತಾಗಿತ್ತು, ನನಗೆ ನೆನಪಿದೆ. ಅತ್ತೆ ಒಂದೊಂದನ್ನೇ ಒತ್ತಿ ನೋಡಿದರು, ಏನೂ ಹೇಳಲಿಲ್ಲ. ಈ ವರ್ಷ ತಮ್ಮ ಕೆಂಪು ಡೇರೆಯ ಗಡ್ಡೆಗೂ ಒಂದು ಚೀಲ ಎತ್ತಿಡು ಅಂದಿದ್ದಾರೆ.

ಹಾವಸೆಯ ಎರಡನೆಯ ಉಪಯೋಗ ಗೂಟಿಗೆ, ಅಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ಹೊಸ ಗಿಡ ಮಾಡುವುದಕ್ಕೆ. ನಮ್ಮ ಹಿತ್ತಲಿನಲ್ಲಿ ಕೆಂಪು ತೊಳೆಯ ಒಂದು ಹಳೆಯ ಚಕ್ಕೋತದ ಮರವಿದೆ, ಎಲ್ಲರೂ ಗಿಡ ಕೇಳುತ್ತಾರೆ. ಬೀಜದಿಂದ ಮಾಡಿದರೆ ತಾಯಿಯ ಗುಣವೇ ಬರುತ್ತದೆ ಅಂತ ಹೇಳಲಾಗುವುದಿಲ್ಲ, ಗೂಟಿಯಲ್ಲಿ ಬರುತ್ತದೆ. ಗೂಟಿಗೆ ಬೇಕಾದ ಸ್ಫ್ಯಾಗ್ನಮ್ ಮಾಸ್ ಪ್ಯಾಕೆಟ್ಟು ನರ್ಸರಿಯಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ಸ್ಫ್ಯಾಗ್ನಮ್ ಬೇರೆ ಜಾತಿಯ ಹಾವಸೆ. ಅದರ ಎಲೆಯಲ್ಲಿ ನೀರು ತುಂಬಿಕೊಳ್ಳಲೆಂದೇ ಟೊಳ್ಳು ಜೀವಕೋಶಗಳಿವೆ, ತನ್ನ ಒಣ ತೂಕದ ಹತ್ತಾರು ಪಟ್ಟು ನೀರು ಹಿಡಿಯುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ನಿನವರು ಹತ್ತಿ ಸಾಲದಾಗಿ ಅದನ್ನು ಗಾಯಕ್ಕೆ ಕಟ್ಟುತ್ತಿದ್ದರು. ನಮ್ಮ ಲಾನಿನ ಹಾವಸೆಗೆ ಆ ಶಕ್ತಿಯಿಲ್ಲ. ಎರಡನ್ನೂ ನೆನೆಸಿ ಹಿಂಡಿ ಜಗಲಿಯ ಮೇಲಿಟ್ಟು ನೋಡಿದೆ: ನಮ್ಮದು ಎರಡು ದಿನಕ್ಕೆ ಒಣಗಿತು, ಪ್ಯಾಕೆಟ್ಟಿನದು ಐದನೇ ದಿನವೂ ತೇವವಾಗಿತ್ತು.

ಆದರೆ ಗೂಟಿ ಕಟ್ಟುವುದು ಮಳೆಗಾಲದಲ್ಲಿ, ಅದೂ ಪ್ಲಾಸ್ಟಿಕ್ ಒಳಗೆ. ಅಲ್ಲಿ ನಮ್ಮದೇ ಸಾಕು. ಅಕ್ಟೋಬರಿನಲ್ಲಿ ಒಣಗಿಸಿಟ್ಟ ಹಾವಸೆಯನ್ನು ಜೂನಿನಲ್ಲಿ ನೀರಿಗೆ ಹಾಕಿದೆ. ಎಂಟು ತಿಂಗಳು ಚೀಲದಲ್ಲಿ ಹುಲ್ಲಿನ ಬಣ್ಣಕ್ಕೆ ತಿರುಗಿದ್ದು ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಮೈ ಬಿಚ್ಚಿತು, ಒಳಗಿನದಕ್ಕೆ ಹಸಿರೂ ಬಂತು. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇದನ್ನು ಬಟ್ಟಲಿನಲ್ಲಿ ಕಣ್ಣಾರೆ ನೋಡಿದ್ದು ಆವತ್ತೇ. ಪೆನ್ಸಿಲಿಗಿಂತ ದಪ್ಪದ ಕೊಂಬೆಯಲ್ಲಿ ಒಂದಂಗುಲ ಸಿಪ್ಪೆ ಉಂಗುರದ ಹಾಗೆ ತೆಗೆದು, ಲೋಳೆ ಹೆರೆದು, ಚೆನ್ನಾಗಿ ಹಿಂಡಿದ ಹಾವಸೆ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಎರಡೂ ತುದಿ ಬಿಗಿದೆ. ಹಿಂಡುವುದು ಮರೆಯಬೇಡಿ, ನೀರು ನಿಂತರೆ ಗಾಯ ಕೊಳೆಯುತ್ತದೆ. ಐದು ಕಟ್ಟಿದೆ, ನಾಲ್ಕರಲ್ಲಿ ಎರಡು ತಿಂಗಳಿಗೆ ಬಿಳಿಬೇರು ಪ್ಲಾಸ್ಟಿಕ್‌ನಿಂದಾಚೆಗೆ ಕಾಣುವಷ್ಟು ಬಂತು. ಮೊದಲು ಮಣ್ಣು ಸಗಣಿ ಕಲಸಿ ಕಟ್ಟುತ್ತಿದ್ದಾಗ ಐದರಲ್ಲಿ ಎರಡು ಬಂದರೆ ಹೆಚ್ಚು.

ಮರದ ಮೇಲೆ ಬೆಳೆಯುವ ಆರ್ಕಿಡ್ ಸೀತಾಳೆ ದಂಡೆಗೂ ಬಳಸಿದೆ. ಗಾಳಿಗೆ ಮುರಿದ ಕೊಂಬೆಯ ಜೊತೆ ತೋಟದಲ್ಲಿ ಬಿದ್ದಿದ್ದ ಗಿಡವನ್ನು ತಂದು ಅಂಗಳದ ಹಲಸಿಗೆ ಕಟ್ಟಿದೆವು. ಕಾಡಿನಿಂದ ಕಿತ್ತು ತರುವವರಿದ್ದಾರೆ, ದಯವಿಟ್ಟು ತರಬೇಡಿ. ಬೇರಿನ ಅಡಿಗೆ ಒಂದು ತೆಳು ಪದರ ಹಾವಸೆ ಸಾಕು. ನಾನು ಪ್ರೀತಿಗೆ ದಪ್ಪಗೆ ಕಟ್ಟಿದ ಒಂದು ಗಿಡ ಶ್ರಾವಣದ ಮಳೆಗೆ ಬೇರು ಕೊಳೆತು ಹೋಯಿತು. ಅದರ ಬೇರಿಗೆ ಗಾಳಿ ಬೇಕು, ಒದ್ದೆ ಕಂಬಳಿ ಬೇಡ. ತೆಳುವಾಗಿ ಕಟ್ಟಿದ್ದು ಮರಕ್ಕೆ ಹಿಡಿದುಕೊಂಡಿದೆ.

ಕೈಕೊಟ್ಟದ್ದು ಎರಡು. ಆಂಥೂರಿಯಂ ಕುಂಡದ ಮೇಲೆ ಮುಚ್ಚಿಗೆಯಾಗಿ ಹಾಸಿದೆ. ಮಾರ್ಚಿನಲ್ಲಿ ಅದು ಒಣಗಿ ರೊಟ್ಟಿಯ ಹಾಗೆ ಗಟ್ಟಿಯಾಗಿ, ಹಾಕಿದ ನೀರೆಲ್ಲ ಅಂಚಿನಿಂದ ಜಾರಿ ಹೋಯಿತು. ಇನ್ನೊಂದು ಗೊಬ್ಬರಗುಂಡಿ. ಒಂದು ಚೀಲ ಹಾವಸೆಯನ್ನು ಒಟ್ಟಿಗೆ ಸುರಿದಿದ್ದೆ. ವರ್ಷದ ಮೇಲೆ ಅಗೆದಾಗ ಹಾಸಿಗೆಯ ಹಾಗೆ ಹಾಗೇ ಇತ್ತು. ಹಾವಸೆ ಕೊಳೆಯುವುದು ಬಹಳ ನಿಧಾನ. ಹಾಕಲೇಬೇಕಿದ್ದರೆ ತೆಳ್ಳಗೆ ಉದುರಿಸಿ, ನಡುನಡುವೆ ಹಸಿ ಸೊಪ್ಪು, ಸಗಣಿ ಬಗ್ಗಡ ಹಾಕಿ. ಇವರು ಈಗ ಹಾಗೆ ಮಾಡುತ್ತಿದ್ದಾರೆ.

ನೇತು ಬುಟ್ಟಿಯ ಒಳಮೈಗೆ ಚೆನ್ನಾಗಿ ಆಗುತ್ತದೆ. ಬೇಲಿಯ ಗೂಟಕ್ಕೆ ಸಿಕ್ಕಿಸಿಟ್ಟಿದ್ದ ಒಂದು ಹಿಡಿಯನ್ನು ಏಪ್ರಿಲ್‌ನಲ್ಲಿ ಮಡಿವಾಳ ಹಕ್ಕಿ ಕೊಕ್ಕಿನಲ್ಲಿ ಕಚ್ಚಿಕೊಂಡು ಹೋದದ್ದನ್ನು ನೋಡಿದೆ. ಆವತ್ತಿನಿಂದ ಗೂಟದ ಮೇಲೆ ಒಂದು ಹಿಡಿ ಯಾವಾಗಲೂ ಇರುತ್ತದೆ. ತೀರ್ಥಹಳ್ಳಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಟೀಚರ್ ಒಬ್ಬರು ಕ್ರಿಸ್ಮಸ್‌ಗೆ ಗೋದಲಿ ಮಾಡುತ್ತಾರೆ, ಹೋದ ಸಲ ಬೆಟ್ಟ ಮಾಡಲು ಹಸಿ ಹಾವಸೆ ಒಂದು ಚೀಲ ಒಯ್ದರು. ದಿನಾ ನೀರು ಚಿಮುಕಿಸಿ ಹೊಸ ವರ್ಷದವರೆಗೂ ಹಸಿರಾಗಿ ಇಟ್ಟಿದ್ದರಂತೆ.

ರೇಕ್ ಕೊಳ್ಳುವವರು ಅಂಗಡಿಯಲ್ಲೇ ತಿರುಪು ಬಿಚ್ಚಿ ಹಾಕಿ ನೋಡಿ, ಹಲ್ಲನ್ನು ನೆಲಕ್ಕೆ ಒತ್ತಿ ಬಳುಕಿ ವಾಪಸು ಬರುತ್ತದೆಯೇ ನೋಡಿ. ಕಾವಿಲ್ಲದೆ ಬರೀ ತಲೆ ಕೊಡುತ್ತಾರೆಯೇ ಕೇಳಿ, ಕೊಟ್ಟರೆ ಅದನ್ನೇ ತಗೊಳ್ಳಿ. ನಾನಂತೂ ಹೊಸನಗರದ ನಾದಿನಿಗೆ ಇಂಥದ್ದೇ ಇನ್ನೊಂದು ಕೊಂಡು ಕಳಿಸಿದ್ದೇನೆ, ಬಿದಿರು ಕಾವು ಹಾಕಿಸಿಯೇ.

ಈ ಸಲ ಮಳೆ ದೀಪಾವಳಿಯವರೆಗೂ ಎಳೆಯಿತು. ಬಿಸಿಲಿನ ಕಡೆಯದನ್ನು ಕೆರೆದು ಮೂರು ಚೀಲ ಮೆತ್ತಿಗೆ ಹಾಕಿಯಾಯಿತು, ಒಂದರ ಬಾಯಿಗೆ ಅತ್ತೆಯ ಕೆಂಪು ದಾರ ಕಟ್ಟಿದೆ. ಹಲಸಿನ ಬುಡದ ತುಂಡನ್ನು ಮಾತ್ರ ಮುಟ್ಟಿಲ್ಲ. ಟೀಚರ್ ಡಿಸೆಂಬರಿನಲ್ಲಿ ಬರುತ್ತೇನೆ ಅಂದಿದ್ದಾರೆ.