ಭಾವನ ಸಾಲಕ್ಕೆ ನಾನು ಹಾಕಿದ ಜಾಮೀನು ಸಹಿ

ನನ್ನ ಸೋದರಮಾವನ ಮಗ 2021ರಲ್ಲಿ ತುಮಕೂರಿನ ತಮ್ಮ ವರ್ಕ್‌ಶಾಪ್ ವಿಸ್ತರಿಸಲು ಆರು ಲಕ್ಷ ರೂಪಾಯಿ ಸಾಲ ತೆಗೆಯುವಾಗ ಜಾಮೀನಿಗೆ ನನ್ನನ್ನು ಕರೆದರು. "ಬರೀ ಒಂದು ಸಹಿ ಕಣೋ, ಕಂತು ಕಟ್ಟೋನು ನಾನು ತಾನೆ" ಎಂದರು. ಸಹಿ ಬೀಳಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿತ್ತು. ಎರಡು ಹಾಳೆಗಳಲ್ಲಿ ಮೊತ್ತದ ಜಾಗ ಖಾಲಿ ಇದ್ದುದನ್ನು ಕಂಡೂ ಕೇಳದೆ, ಗುರುತು ಇದ್ದಲ್ಲೆಲ್ಲ ಸಹಿ ಹಾಕಿದೆ.

ಹದಿನಾಲ್ಕು ಕಂತು ಕಟ್ಟಿದ ಮೇಲೆ ಭಾವ ನಿಲ್ಲಿಸಿದರು. ನನ್ನ ಗೃಹಸಾಲದ ಅರ್ಜಿ ಹಿಡಿದು ಬೇರೊಂದು ಬ್ಯಾಂಕಿಗೆ ಹೋದಾಗಲೇ ಅದು ನನಗೆ ತಿಳಿದದ್ದು. ಮ್ಯಾನೇಜರ್ ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸಿ, "ಇದು ನೀವು ಜಾಮೀನು ನಿಂತಿರೋ ಸಾಲ ಸರ್, ಮೂರು ಕಂತು ಬಾಕಿ ತೋರಿಸ್ತಿದೆ" ಎಂದರು. ಭಾವ ಮೋಸಗಾರರಲ್ಲ, ವ್ಯಾಪಾರ ಕೈಕೊಟ್ಟಿತು. ಆದರೆ ನನ್ನ ಅರ್ಜಿ ಅಲ್ಲಿಗೇ ನಿಂತಿತು.

ಜಾಮೀನು ಸಹಿಯನ್ನು ನಮ್ಮಲ್ಲಿ ಬಹಳ ಜನ ಸಾಕ್ಷಿ ಸಹಿಯಂತೆಯೇ ತಿಳಿಯುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದ ಹೊರತು, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನಿಂದ ವಸೂಲಿ ಮಾಡಿ, ಆಮೇಲೆ ನನ್ನ ಬಳಿ ಬನ್ನಿ ಎಂದು ಬ್ಯಾಂಕಿಗೆ ಹೇಳಲು ಬರುವುದಿಲ್ಲವೆಂಬುದನ್ನು ಸುಪ್ರೀಂ ಕೋರ್ಟು ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ 1968ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ಜಾಮೀನುದಾರನ ಒಪ್ಪಿಗೆಯಿಲ್ಲದೆ ಸಾಲದ ಷರತ್ತು ಬದಲಿಸಿದರೆ ಮುಂದಿನ ವ್ಯವಹಾರಗಳ ಹೊಣೆಯಿಂದ ಅವನಿಗೆ ಬಿಡುಗಡೆ ಕೊಡುವ 133ನೇ ಕಲಮು ಇದೆಯಾದರೂ, ಅಂಥ ಬದಲಾವಣೆಗೆ ಮುಂಚಿತವಾಗಿಯೇ ಒಪ್ಪಿಗೆ ಕೊಟ್ಟಿದ್ದೇನೆಂಬ ಸಾಲೊಂದು ನಾನು ಸಹಿ ಹಾಕಿದ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿತ್ತು.

ನನ್ನ ಮನಸ್ಸಿಗೆ ಹೆಚ್ಚು ನೋವಾಗುವುದು ಇದಕ್ಕೆ: ಸಹಿ ಹಾಕುವುದು ನನ್ನ ಉದ್ಯೋಗದ ಭಾಗವೇ ಆಗಿದೆ. ನಮ್ಮ ಕಚೇರಿಯಲ್ಲಿ ತಂತ್ರಾಂಶ ಬಿಡುಗಡೆಗೆ ಇಬ್ಬರ ಡಿಜಿಟಲ್ ಸಹಿ ಬೇಕು. ಎರಡನೆಯವನಾದ ನಾನು ಅದೇ ಕೋಡನ್ನು ನನ್ನ ಯಂತ್ರದಲ್ಲಿ ಪ್ರತ್ಯೇಕವಾಗಿ ಬಿಲ್ಡ್ ಮಾಡಿ (ಅಂದರೆ ಕೋಡಿನಿಂದ ತಂತ್ರಾಂಶದ ಕಡತ ತಯಾರಿಸಿ), ಇಬ್ಬರ ಕಡತಗಳ ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಅಕ್ಷರಸಾಲು, ಅಕ್ಷರಕ್ಕಕ್ಷರ ಹೊಂದಿದ ಮೇಲೆಯೇ ಸಹಿ ಹಾಕುತ್ತೇನೆ. 2024ರಲ್ಲಿ ಬಯಲಾದ ಎಕ್ಸ್‌ಝಡ್ ಯುಟಿಲ್ಸ್ (ಕಡತಗಳನ್ನು ಕುಗ್ಗಿಸುವ ತಂತ್ರಾಂಶ) ಪ್ರಕರಣದಲ್ಲಿ, ವರ್ಷಗಟ್ಟಲೆ ದುಡಿದು ನಂಬಿಕೆ ಗಳಿಸಿದ್ದ ನಿರ್ವಾಹಕನೇ ಹಿಂಬಾಗಿಲು, ಅಂದರೆ ಕದ್ದು ಒಳನುಗ್ಗುವ ಗುಪ್ತ ದಾರಿ, ಸೇರಿಸಿದ 5.6.0 ಮತ್ತು 5.6.1 ಆವೃತ್ತಿಗಳು ಅವನದೇ ಸರಿಯಾದ ಸಹಿಯೊಂದಿಗೆ ಹೊರಬಂದಿದ್ದವು. ಅಂದಿನಿಂದ ಪರಿಚಯದ ಸಹೋದ್ಯೋಗಿಯ ಕೋಡನ್ನೂ ನಾನು ನೋಡದೆ ಒಪ್ಪುವುದಿಲ್ಲ. ಭಾವನ ಬಳಿ ಮಾತ್ರ ಆರು ತಿಂಗಳ ಪಾಸ್‌ಬುಕ್ ಕೂಡ ಕೇಳಿರಲಿಲ್ಲ.

ನಿಮ್ಮನ್ನು ಯಾರಾದರೂ ಜಾಮೀನಿಗೆ ಕರೆದರೆ, ಖಾಲಿ ಜಾಗಗಳನ್ನೆಲ್ಲ ನಿಮ್ಮೆದುರೇ ತುಂಬಿಸಿ, ನಿಮ್ಮ ಹೊಣೆ ಇಂತಿಷ್ಟೇ ರೂಪಾಯಿಗೆ ಸೀಮಿತವೆಂದು ಬರೆಸಿಕೊಳ್ಳಲು ಪ್ರಯತ್ನಿಸಿ, ಕರಾರಿನ ಪ್ರತಿ ಕೈಗೆ ಬಾರದೆ ಬ್ಯಾಂಕಿನಿಂದ ಏಳಬೇಡಿ. ಈಗಾಗಲೇ ಸಹಿ ಹಾಕಿದ್ದರೆ, ಜನರ ಸಾಲದ ದಾಖಲೆ ಇಡುವ ಸಿಬಿಲ್ ಮೊದಲಾದ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕಾದ ಕ್ರೆಡಿಟ್ ವರದಿಯನ್ನು ತಪ್ಪದೆ ತರಿಸಿ ನೋಡಿ.

ಬಾಕಿಯನ್ನು ನಾನೇ ತೀರಿಸಿ, ರಸೀದಿಗಳನ್ನೂ ಸಾಲದ ಕಾಗದಪತ್ರಗಳನ್ನೂ ಕೇಳಿ ಪಡೆದಿದ್ದೇನೆ. ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ಜಾಮೀನುದಾರನಿಗಿದೆ, ಆದರೆ ಹಣ ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಭಾವನಿಗೆ ನೋಟಿಸ್ ಕಳಿಸಬೇಕೋ ಬೇಡವೋ ಎಂಬ ಮಾತು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.